ಹಳೆಯ ಹೋಟೆಲಿನ ಕೈಬರಹದ ಬೋರ್ಡನ್ನು ಉಳಿಸುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ತಾತನವರು ನಡೆಸುತ್ತಿದ್ದ ಬೆಣ್ಣೆ ದೋಸೆ ಹೋಟೆಲಿನ ತಗಡಿನ ಬೋರ್ಡು ಸೌದೆ ಒಲೆಯ ಹೊಗೆಗೆ ಕಪ್ಪಿಟ್ಟಿದ್ದರೂ ಪೇಂಟರು ಬರೆದ ಹಳದಿ ಅಕ್ಷರಗಳು ಇನ್ನೂ ಓದಲು ಬರುತ್ತವೆ. ‘ಬೆಣ್ಣೆ’ ಎಂಬಲ್ಲಿನ ಒತ್ತಕ್ಷರವನ್ನು ಅವರು ಬಳ್ಳಿಯಂತೆ ಸುರುಳಿ ಸುತ್ತಿಸಿ ಕೆಳಗಿನ ಅಂಚಿಗೆ ಮುಟ್ಟಿಸಿದ್ದಾರೆ. ಈಗ ಅಂಚಿಗೆ ತುಕ್ಕು ಹಿಡಿಯುತ್ತಿದೆ. ಹೊಸದಾಗಿ ಬರೆಸುವುದೋ, ಇದ್ದಂತೆಯೇ ಕಾಪಾಡುವುದೋ ತಿಳಿಯದಾಗಿದೆ.

ಉತ್ತರ 1:
ದಯವಿಟ್ಟು ಅಕ್ಷರಗಳ ಮೇಲೆ ಮತ್ತೆ ಬಣ್ಣ ಬಳಿಸಬೇಡಿ; ಆ ಸುರುಳಿ ಒಮ್ಮೆ ಮುಚ್ಚಿಹೋದರೆ ಮರಳಿ ಸಿಗುವುದಿಲ್ಲ. ಮೊದಲು ಫೋಟೋ ತೆಗೆದು ಅಳತೆ ಬರೆದಿಟ್ಟುಕೊಳ್ಳಿ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಹಿಂಬದಿಯ ತುಕ್ಕನ್ನು ಉಜ್ಜಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿಸಿ, ಮಳೆ ಬಿಸಿಲು ತಾಗದಂತೆ ಒಳಗೋಡೆಗೆ ತೂಗುಹಾಕಿ.

ಉತ್ತರ 2:
ಇಂಗ್ಲೆಂಡಿನಲ್ಲಿ ಎರಡನೇ ರಿಚರ್ಡ್ ದೊರೆಯ ಕಾಲದಲ್ಲಿ, 1393ರಲ್ಲಿ, ಮದ್ಯ ಮಾರುವವರು ಫಲಕ ತೂಗುಹಾಕುವುದನ್ನು ಕಡ್ಡಾಯ ಮಾಡಲಾಯಿತು. ಓದು ಬಾರದವರಿಗೂ ಗುರುತು ಸಿಗಲೆಂದು ಬರೆಸಿದ ಚಿತ್ರಗಳಿಂದಲೇ ‘ಕೆಂಪು ಸಿಂಹ’ದಂತಹ ಹೆಸರುಗಳು ಅಲ್ಲಿ ಇಂದಿಗೂ ಬಳಕೆಯಲ್ಲಿವೆ. ನಮ್ಮಲ್ಲಿಯೂ ಹೋಟೆಲಿನ ಹೆಸರೇ ಬೀದಿಗೆ ವಿಳಾಸ. ಆದ್ದರಿಂದ ಹೊರಗೆ ಫ್ಲೆಕ್ಸ್ ಹಾಕಿಸದೆ, ಇದೇ ಅಕ್ಷರಗಳನ್ನು ನೋಡಿಕೊಂಡು ಬರೆಯಬಲ್ಲ ಪೇಂಟರಿಂದ ಬೋರ್ಡಿನ ಒಂದು ನಕಲನ್ನು ಬರೆಸಿ, ತಾತನವರು ಇಟ್ಟ ಹೆಸರನ್ನು ಮಾತ್ರ ಬದಲಿಸಬೇಡಿ.