ನವೀಕರಣದ ನಂತರ ಲಿಕ್ಸ್‌ನಲ್ಲಿ ಗ್ರಂಥಸೂಚಿ ಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ. ನನ್ನ ಪ್ರಬಂಧವನ್ನು ಲಿಕ್ಸ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಬರೆಯುತ್ತಿದ್ದೇನೆ. ನಿನ್ನೆ, ಅದು ಪುಟ ಜೋಡಿಸಲು ಬಳಸುವ ಟೆಕ್ ಲೈವ್‌ನ ಪ್ಯಾಕೇಜುಗಳನ್ನು ನವೀಕರಿಸಿದ ಮೇಲೆ, ಉಲ್ಲೇಖಗಳಿರಬೇಕಾದ ಕಡೆಯೆಲ್ಲ ಅವುಗಳ ಕೀಲಿಪದಗಳೇ (ಪ್ರತಿ ಆಕರಕ್ಕೆ ಕೊಟ್ಟ ಗುರುತಿನ ಹೆಸರುಗಳು) ದಪ್ಪಕ್ಷರದಲ್ಲಿ ಮೂಡುತ್ತಿವೆ, ಗ್ರಂಥಸೂಚಿಯಂತೂ ಪೂರ್ತಿ ಖಾಲಿ. ಮುಂದಿನ ವಾರವೇ ಒಪ್ಪಿಸಬೇಕಿದೆ, ದಯವಿಟ್ಟು ದಾರಿ ತೋರಿಸಿ.

ಉತ್ತರ: ದೋಷ ಲಿಕ್ಸ್‌ನದಲ್ಲ ಎನಿಸುತ್ತದೆ. ಉಲ್ಲೇಖಗಳನ್ನು ನೋಡಿಕೊಳ್ಳುವ ಬಿಬ್‌ಲೇಟೆಕ್ ಪ್ಯಾಕೇಜು ಬರೆದಿಡುವ ನಿಯಂತ್ರಣ ಕಡತವನ್ನು, ಗ್ರಂಥಸೂಚಿ ಸಿದ್ಧಪಡಿಸುವ ಬೀಬರ್ ಎಂಬ ತಂತ್ರಾಂಶ ಓದಬೇಕು. ಆ ಕಡತದ ಆವೃತ್ತಿ ಸಂಖ್ಯೆ ತಾನು ನಿರೀಕ್ಷಿಸಿದ್ದಕ್ಕೆ ಹೊಂದದಿದ್ದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ಬೀಬರ್ ತನ್ನ ಕೆಲಸದ ವರದಿ ಬರೆದಿಡುವ ಬಿಎಲ್‌ಜಿ (.blg) ಕಡತವನ್ನು ತೆರೆದರೆ ಸಿಕ್ಕ ಆವೃತ್ತಿ, ಬೇಕಾದ ಆವೃತ್ತಿ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಲಿನಕ್ಸ್‌ನ ತಂತ್ರಾಂಶ ಭಂಡಾರದಿಂದ ಹಿಂದೆ ಹಾಕಿಕೊಂಡ ಹಳೆಯ ಬೀಬರ್ ಇನ್ನೂ ಉಳಿದಿದೆಯೇ ನೋಡಿ. ನನಗೂ ಹೀಗೆಯೇ ಆಗಿ ಎರಡು ರಾತ್ರಿ ಹೋಗಿತ್ತು.

ಪ್ರಶ್ನೆ ಕೇಳಿದವರು: ಹೌದು, ಎರಡು ಬೀಬರ್‌ಗಳಿದ್ದವು. ಹಳೆಯದನ್ನು ತೆಗೆದೆ, ಗ್ರಂಥಸೂಚಿ ಬಂತು. ತುಂಬಾ ಧನ್ಯವಾದಗಳು.

ಇನ್ನೊಂದು ಉತ್ತರ: ಪ್ಯಾಕೇಜು ಬದಲಾದಾಗಲೆಲ್ಲ ಟೂಲ್ಸ್ ಮೆನುವಿನ ರೀಕಾನ್ಫಿಗರ್ ಒತ್ತಿ, ಲಿಕ್ಸ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ; ಹೊಸದಾಗಿ ಸೇರಿದ್ದು ಅದಕ್ಕೆ ತಿಳಿಯುವುದು ಆಗಲೇ. ಒಪ್ಪಿಸುವವರೆಗೆ ಇನ್ನೇನನ್ನೂ ನವೀಕರಿಸಬೇಡಿ. ಮಾರ್ಗದರ್ಶಕರ ಬಳಿ ಹಳೆಯ ಲಿಕ್ಸ್ ಇದ್ದರೆ, ಕಡತವನ್ನು ಆ ಆವೃತ್ತಿಯ ರೂಪಕ್ಕೆ ರಫ್ತು ಮಾಡಿಯೇ ಕಳುಹಿಸಿ.