ಶೇಲ್‌ನ ಎಫ್‌ಟಿಐಆರ್‌ನಲ್ಲಿ 2920ರ ಪೀಕ್: ಕೆರೋಜೆನ್ನಾ, ಬೇರೆ ಏನಾದರೂನಾ?

ಮಾಟುಂಗದ ಮಾಣಿ:
ಮುಂಬೈನಲ್ಲಿ ಎಂಎಸ್ಸಿ ಜಿಯಾಲಜಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಪನ್ನಾ ಫಾರ್ಮೇಶನ್ ಎಂಬ ಶಿಲಾಪದರದ ಶೇಲ್ (ಜೇಡಿಗಲ್ಲು) ಕಟ್ಟಿಂಗ್ಸ್, ಅಂದರೆ ಬಾವಿ ಕೊರೆಯುವಾಗ ಮೇಲೆ ಬಂದ ಕಲ್ಲಿನ ಚೂರು, ಸಿಕ್ಕಿದೆ. ಸಮುದ್ರದ ಬಾಂಬೆ ಹೈ ಎಣ್ಣೆಗೆ ಸೋರ್ಸ್ ರಾಕ್ (ಎಣ್ಣೆ ಹುಟ್ಟಿದ ಕಲ್ಲು) ಅನ್ನುತ್ತಾರಲ್ಲ, ಅದೇ. (ನಮ್ಮ ಕಾಲಡಿ ಅಗೆದರೆ ಬರುವುದು ಲಾವಾ ಆರಿ ಆದ ಬಸಾಲ್ಟ್, ಅದರಲ್ಲಿ ಎಣ್ಣೆಗೆ ಮೂಲವಾದ ಸಾವಯವ ವಸ್ತು ಕೆರೋಜೆನ್ ಎಲ್ಲಿಂದ ಬರಬೇಕು!) ಎಫ್‌ಟಿಐಆರ್‌ಗೆ (ವಸ್ತು ಯಾವ ಇನ್ಫ್ರಾರೆಡ್ ಬೆಳಕನ್ನು ಹೀರುತ್ತದೆ ಎಂದು ಅಳೆಯುವ ಮೆಷಿನ್) 2 ಮಿಲಿಗ್ರಾಂ ಪುಡಿಯನ್ನು 200 ಮಿಲಿಗ್ರಾಂ ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್ ಉಪ್ಪು) ಜೊತೆ ಅರೆದು ಪೆಲೆಟ್, ಅಂದರೆ ಬಿಲ್ಲೆ, ಒತ್ತಿದೆ. 2920, 2850ರ ಹತ್ತಿರ (cm⁻¹ ಲೆಕ್ಕದಲ್ಲಿ) ಸಿ-ಎಚ್ ಪೀಕ್, ಅಂದರೆ ಕಾರ್ಬನ್-ಹೈಡ್ರೋಜನ್ ಬಂಧದ ಗುರುತು, ಜೋರಾಗಿ ಬಂತು. ಆದರೆ ಟಿಓಸಿ (ಒಟ್ಟು ಸಾವಯವ ಕಾರ್ಬನ್) ರಿಪೋರ್ಟ್ ಬರೀ 0.4% ಅನ್ನುತ್ತಿದೆ. ಇಷ್ಟು ಕಮ್ಮಿಗೆ ಅಷ್ಟು ದೊಡ್ಡ ಪೀಕಾ? 3400, 1630 ಕೂಡ ಉಬ್ಬಿವೆ. ಮೆಷಿನ್ ಕೆಟ್ಟಿದೆಯಾ?

ಪುಣೆಯ ಕಲ್ಲುಕುಟಿಗ:
ಪಾಪ, ಮೆಷಿನ್ನಿಗೆ ಬೈಯಬೇಡಿ. 3400, 1630 ನೀರು. ಈ ಮಳೆಯಲ್ಲಿ ಕೆಬಿಆರ್ ಡಬ್ಬಿ ತೆರೆದಿಟ್ಟರೆ ಕಲ್ಲುಪ್ಪಿನ ಹಾಗೆ ಪಸೆ ಹಿಡಿಯುತ್ತದೆ. 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಇಲ್ಲದಿದ್ದರೆ 1600ರ ಆಸುಪಾಸಿನ ಆರೊಮ್ಯಾಟಿಕ್ (ಕಾರ್ಬನ್ ಉಂಗುರಗಳ) ಪೀಕ್ ನೀರಿನ ಅಡಿಯಲ್ಲೇ ಮುಚ್ಚಿಹೋಗುತ್ತದೆ.

ಸಿ-ಎಚ್ ವಿಷಯಕ್ಕೆ ನನ್ನ ಅನುಮಾನ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ಮೇಲೆ. 2513, 1795ರಲ್ಲಿ ಏನಾದರೂ ಇದೆಯಾ? ಇದ್ದರೆ ಅದೇ ಕ್ಯಾಲ್ಸೈಟ್ 2980, 2875ರ ಹತ್ತಿರವೂ ತಲೆ ಎತ್ತುತ್ತದೆ, ಸರಿಯಾಗಿ ಸಿ-ಎಚ್ ಜಾಗದಲ್ಲೇ. ಎಷ್ಟೋ ಜನ ಅದನ್ನೇ ಕೆರೋಜೆನ್ ಅಂದುಕೊಂಡು ಗ್ರಾಫಿಗೆ ಬಾಣ ಹಾಕಿಬಿಡುತ್ತಾರೆ. 10% ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೊರೆ ನಿಲ್ಲುವ ತನಕ ಬಿಡಿ. ಚೆನ್ನಾಗಿ ತೊಳೆದು, ಒಣಗಿಸಿ, ಮತ್ತೆ ಸ್ಕ್ಯಾನ್ ಮಾಡಿ.

ಮಾಟುಂಗದ ಮಾಣಿ:
2513 ಇತ್ತು ಮಾರಾಯ್ರೆ! ಆಸಿಡ್ ಹಾಕಿದಾಗ ಹಾಲು ಉಕ್ಕಿದ ಹಾಗೆ ಉಕ್ಕಿತು. ತೊಳೆದ ಮೇಲೆ 2513, 1795 ಮಾಯ, 2875ರ ಉಬ್ಬೂ ಇಳಿದಿದೆ. ಆದರೆ 2920, 2850 ಮಾತ್ರ ಸೂಜಿಯ ಹಾಗೆ ನಿಂತಿವೆ. 1745ರಲ್ಲೂ ಒಂದು ಸಣ್ಣ ಮೊನೆ ಇದೆ.

ಪಣಜಿ ಪೆಲೆಟ್:
ಆ 1745 ಎಸ್ಟರ್, ಎಣ್ಣೆ-ಕೊಬ್ಬಿನ ಗುರುತು. ತೆಂಗಿನೆಣ್ಣೆ, ತುಪ್ಪ, ಹ್ಯಾಂಡ್ ಕ್ರೀಮ್, ಎಲ್ಲದರಲ್ಲೂ ಇರುತ್ತದೆ. ಕಲ್ಲು ಹಾಕದೆ ಸುಮ್ನೆ ಕೆಬಿಆರ್ ಅರೆದು ಖಾಲಿ ಪೆಲೆಟ್ ಸ್ಕ್ಯಾನ್ ಮಾಡಿದ್ದೀರಾ? ಗ್ಲೌಸ್ ಹಾಕಿದ್ರಾ?

ಮಾಟುಂಗದ ಮಾಣಿ:
ಸಿಕ್ಕಿಬಿದ್ದೆ. ಖಾಲಿ ಪೆಲೆಟ್‌ನಲ್ಲೂ ಅದೇ ಮೂರು ಪೀಕ್. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಲೋಕಲ್ ಹಿಡಿಯುತ್ತೇನೆ. ಲ್ಯಾಬಿನಲ್ಲಿ ಅಗೇಟ್ ಕುಟ್ಟಾಣಿಯನ್ನು ಬರಿಗೈಯಲ್ಲೇ ಹಿಡಿದಿದ್ದೆ. ಕುಟ್ಟಾಣಿ ತೊಳೆದು, ಗ್ಲೌಸ್ ಹಾಕಿ, ಹೊಸದಾಗಿ ಮಾಡಿದೆ. ಖಾಲಿ ಪೆಲೆಟ್ ಈಗ ಚೊಕ್ಕ. ಶೇಲ್‌ನಲ್ಲಿ 2920ರ ಹತ್ತಿರ ಒಂದು ಸಣ್ಣ ದಿಬ್ಬ ಉಳಿದಿದೆ, ಅಷ್ಟೇ. ಇದಾದರೂ ಕೆರೋಜೆನ್ ಅಲ್ವಾ?

ಪುಣೆಯ ಕಲ್ಲುಕುಟಿಗ:
ತಡೀರಿ. ಕಟ್ಟಿಂಗ್ಸ್ ಅಂದಿರಿ. ಬಾವಿ ಕೊರೆಯುವಾಗ ಎಣ್ಣೆ ಬೆರೆಸಿದ ಮಡ್ (ಬಾವಿಯೊಳಗೆ ಹರಿಸುವ ಕೆಸರು) ಬಳಸಿದ್ದರೆ ಅದೂ ಇಲ್ಲೇ ಪೀಕ್ ಕೊಡುತ್ತದೆ. ಪುಡಿಯನ್ನು ಡೈಕ್ಲೋರೋಮೀಥೇನ್‌ನಲ್ಲಿ ತೊಳೆಯಿರಿ, ಫ್ಯೂಮ್ ಹುಡ್ ಒಳಗೇ ಮಾಡಿ. ಬಿಡಿ ಎಣ್ಣೆ ಕರಗಿ ಹೋಗುತ್ತದೆ, ಕೆರೋಜೆನ್ ಕರಗುವುದಿಲ್ಲ. ಆಮೇಲೂ ದಿಬ್ಬ ಉಳಿದರೆ ಧೈರ್ಯವಾಗಿ ಬಾಣ ಹಾಕಿ.

ಮಾಟುಂಗದ ಮಾಣಿ:
ಸೋಮವಾರ ಮಾಡಿ ಗ್ರಾಫ್ ಹಾಕುತ್ತೇನೆ. ತಲೆಗೆ ಎಣ್ಣೆ ಇನ್ನು ಭಾನುವಾರ ಮಾತ್ರ.