ತುಕಡಿಯ ಸಾಮಾನು ಹಡಗು ಹತ್ತುವ ಮುಂಚೆ ಏನೇನು ನೋಡಬೇಕು?

ಕೇಳಿದವರು, ಪುಣೆ: ವಿಶ್ವಸಂಸ್ಥೆಯ ಶಾಂತಿಪಾಲನೆಗೆ ದಕ್ಷಿಣ ಸುಡಾನಿಗೆ ಹೊರಟ ತುಕಡಿಯೊಂದರ ಸಾಮಾನು ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಲಾರಿ, ಜನರೇಟರ್, ಟೆಂಟು, ಅಡುಗೆ ಸಾಮಾನು, ಬಿಡಿಭಾಗ ಎಲ್ಲ ಇದೆ. ಮುಂಬಯಿಯಿಂದ ಕೀನ್ಯಾದ ಮೊಂಬಾಸಾವರೆಗೆ ಹಡಗು, ಮುಂದೆ ಉಗಾಂಡ ದಾಟಿ ಜುಬಾಕ್ಕೆ ರಸ್ತೆ. ಎಲ್ಲಿ ಎಡವುತ್ತಾರೆ, ತಿಳಿದವರು ಹೇಳಿ.

ಡೊಂಬಿವಲಿಯಿಂದ: ಸರ್, ಪಟ್ಟಿಯಿಂದ ಶುರುಮಾಡಿ. ಚಾಸಿ ನಂಬರನ್ನು ಹಳೇ ರಿಜಿಸ್ಟರಿನಿಂದ ನಕಲು ಮಾಡಬೇಡಿ. ಪ್ಲೇಟಿನ ಗ್ರೀಸು ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಒಂದು ಅಂಕಿ ತಪ್ಪಿದರೂ ಕಸ್ಟಮ್ಸಿನಲ್ಲಿ ಗಾಡಿ ನಿಂತುಬಿಡುತ್ತದೆ. ಅಲ್ಲಿಗೆ ತಲುಪಿದ ಒಂದು ತಿಂಗಳೊಳಗೆ ವಿಶ್ವಸಂಸ್ಥೆಯವರು ಒಪ್ಪಂದ ಹಿಡಿದುಕೊಂಡು ಎಣಿಸುತ್ತಾರೆ, ಅಲ್ಲೂ ಇದೇ ನಂಬರು ಕೇಳುತ್ತಾರೆ. ಒಪ್ಪಂದ ‘ವೆಟ್ ಲೀಸ್’ ಆಗಿದ್ದರೆ ರಿಪೇರಿಯೂ ಬಿಡಿಭಾಗವೂ ನಮ್ಮ ಹೊಣೆ. ಹಾಗಾಗಿ ಫಿಲ್ಟರ್, ಬೆಲ್ಟ್, ಹೋಸುಗಳ ಪೆಟ್ಟಿಗೆಯನ್ನು ಕೊನೆಗೆ ತುಂಬಿ, ಬಾಗಿಲ ಹತ್ತಿರವೇ ಇರಲಿ.

ನವಿ ಮುಂಬಯಿಯಿಂದ: ಕಂಟೇನರ್ ಒಪ್ಪಿಕೊಳ್ಳುವ ಮುಂಚೆ ಒಬ್ಬರು ಒಳಗೆ ನಿಂತು, ಹೊರಗಿನವರು ಬಾಗಿಲು ಹಾಕಲಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ವಾಪಸ್ ಕಳಿಸಿ, ಅದೇ ತೂತಿನಿಂದ ನೀರೂ ಬರುತ್ತದೆ. 20 ಅಡಿಯದರ ಒಳಗಿನ ಎತ್ತರ ಸುಮಾರು 2.39 ಮೀಟರ್, ಬಾಗಿಲಿನದು 2.28 ಮಾತ್ರ. ಒಳಗೆ ಹಿಡಿಸುತ್ತದೆ ಅಂತ ಲೆಕ್ಕ ಹಾಕಿದ ಜನರೇಟರು ಬಾಗಿಲಲ್ಲೇ ಸಿಕ್ಕಿಕೊಳ್ಳುವುದು ಹೀಗೆ. ಸೈಲೆನ್ಸರ್ ಕೊಳವೆ, ಎತ್ತುವ ಕೊಂಡಿ ಸೇರಿಸಿಯೇ ಅಳೆಯಿರಿ.

ಭಾರವನ್ನೆಲ್ಲ ಒಂದು ತುದಿಗೆ ಪೇರಿಸಬೇಡಿ, ಅರ್ಧ ಉದ್ದದಲ್ಲಿ ಶೇ. 60ಕ್ಕಿಂತ ಹೆಚ್ಚು ಬರಕೂಡದು. ತುಂಬಿದ ಕಂಟೇನರಿನ ತೂಕವನ್ನು ದೃಢೀಕರಿಸಿ ಕೊಡುವುದು 2016ರ ಜುಲೈ 1ರಿಂದ ಕಡ್ಡಾಯ, ಅಂದಾಜು ನಡೆಯುವುದಿಲ್ಲ. ಟೆಂಟುಗಳು ಚೆನ್ನಾಗಿ ಒಣಗದೆ ಮಡಚಲೇಬೇಡಿ. ಹಸಿ ಕ್ಯಾನ್ವಾಸಿನ ತೇವ ರಾತ್ರಿಯ ತಂಪಿಗೆ ಚಾವಣಿಯಿಂದ ತೊಟ್ಟಿಕ್ಕಿ ಕೆಳಗಿನದಕ್ಕೆಲ್ಲ ಬೂಷ್ಟು ಹಿಡಿಸುತ್ತದೆ.

ವಾಸ್ಕೋದಿಂದ: ಗಾಡಿ ತೊಳೆಯುವುದೆಂದರೆ ಮೇಲೆ ನೀರು ಬಿಡುವುದಲ್ಲ. ಚಕ್ರ ಬಿಚ್ಚಿ ಮಡ್‌ಗಾರ್ಡಿನ ಒಳಮಡಿಕೆ, ಎಲೆ ಸ್ಪ್ರಿಂಗುಗಳ ಸಂದು, ಸ್ಟೆಪ್ನಿಯ ಹಿಂಬದಿ ಕೆರೆಯಿರಿ. ಮಣ್ಣು, ಬೀಜ ಸಿಕ್ಕರೆ ಆ ಕಡೆಯ ಬಂದರಿನಲ್ಲಿ ತಡೆಯಬಹುದು.

ಡೀಸೆಲ್ ಕಾಲು ಟ್ಯಾಂಕಿಗಿಂತ ಹೆಚ್ಚು ಬೇಡ. ಕಂಟೇನರಿನೊಳಗೆ ಹೋಗುವ ಯಂತ್ರಗಳ ಬ್ಯಾಟರಿ ವೈರು ಬಿಚ್ಚಿ, ತುದಿಗೆ ಟೇಪು ಸುತ್ತಿ.

ಕಟ್ಟುವ ಲೆಕ್ಕ ಇಲ್ಲಿದೆ. ಒರಟು ಸಮುದ್ರದಲ್ಲಿ ಅಡ್ಡಕ್ಕೆ ಬೀಳುವ ಎಳೆತ ತೂಕದ 0.8 ಪಾಲು ಅಂತ ಹಿಡಿಯುತ್ತಾರೆ. 12 ಟನ್ ಲಾರಿಗೆ ಅದು 9.6 ಟನ್. ಟೈರಿನ ಘರ್ಷಣೆ 0.3 ಅಂದರೂ 3.6 ಟನ್ ಕಳೆಯುತ್ತದೆ, ಉಳಿದ 6 ಟನ್ನನ್ನು ಒಂದು ಬದಿಯ ಸರಪಳಿಗಳೇ ತಡೆಯಬೇಕು. ಸರಪಳಿಯನ್ನು ಗಾಡಿಯ ಕಟ್ಟುಕೊಂಡಿಗೇ ಹಾಕಿ. ಬಂಪರಿಗೆ ಬೇಡ. ಆ್ಯಕ್ಸಲ್ಲಿನ ಬ್ರೇಕ್ ಪೈಪಿನ ಪಕ್ಕಕ್ಕೆ ಸುತ್ತಿ ಪೈಪು ಜಜ್ಜಿದರೆ ಜುಬಾ ದಾರಿಯಲ್ಲಿ ಬ್ರೇಕ್ ಇರುವುದಿಲ್ಲ.

ಪುಣೆಯಿಂದ ಇನ್ನೊಬ್ಬರು: ಗ್ಯಾಸ್ ಸಿಲಿಂಡರ್, ಪೇಂಟು, ತಿನ್ನರ್ ಅಡುಗೆ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಬೆಂಕಿ ಆರಿಸುವ ಸಿಲಿಂಡರೂ ಅಪಾಯಕಾರಿ ಸರಕೇ, ವರ್ಗ 2.2, ಅಂದರೆ ಒತ್ತಿ ತುಂಬಿದ, ಉರಿಯದ ಅನಿಲ. ಬೇರೆ ಪಟ್ಟಿ, ಬೇರೆ ಚೀಟಿ ಬೇಕು. ಮದ್ದುಗುಂಡು ವರ್ಗ 1, ಅಂದರೆ ಸ್ಫೋಟಕ, ಅದರ ದಾರಿಯೇ ಬೇರೆ, ಇದರ ಜತೆ ಬೆರೆಸಲೇಬೇಡಿ.

ಕೇಳಿದವರು: ಉಪಕಾರವಾಯಿತು. ಹಳೇ ಮರದ ಪೆಟ್ಟಿಗೆ ನಡೆಯುತ್ತದೆಯೇ?

ನವಿ ಮುಂಬಯಿಯಿಂದ: ಹುಳು ಸಾಯಲೆಂದು ಮರವನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಕ್ಕೆ ಮುದ್ರೆ ಇದ್ದರೆ ನಡೆಯುತ್ತದೆ. ಒಂದು ಹಲಗೆ ಬದಲಾಯಿಸಿದ್ದರೆ ಆ ಹಲಗೆಗೂ ಮುದ್ರೆ ಬೇಕು. ಸಾಮಾನು ಅಲುಗದಂತೆ ಸಿಕ್ಕಿಸುವ ಕಟ್ಟಿಗೆ ತುಂಡಿಗೂ ಇದೇ ನಿಯಮ, ಅದನ್ನೇ ಎಲ್ಲರೂ ಮರೆಯುವುದು. ಪ್ಲೈವುಡ್‌ಗೆ ಮಾತ್ರ ಬೇಡ.